ಚರಟದ ಕಡೆಯವರು

“ಸತ್ತಿರೋದು ನಿಮ್ಮತ್ತೆ ಕಣೇ, ನನ್ ಮಿಷನ್ ಅಲ್ಲ. ಮೂಗು ಸೀಟ್ತಾ ನಿಂತ್ಕಬೇಡ, ಬಾಚು ಬೇಗ.”

ಅನೀಶ ಹೀಗೆ ಕೂಗಿದಾಗ ನನ್ನ ಎರಡೂ ಕೈ ಮೊಣಕೈವರೆಗೆ ಮಿಷನ್ನಿನ ಬಾಯಲ್ಲಿದ್ದವು. ಅನಾನಸಿನ ನಾರು ಕಟ್ಟಿಕೊಂಡು ರಸ ತೆಗೆದು ಉಳಿದ ಚರಟ ಬೀಳುವ ದಾರಿಯೇ ಮುಚ್ಚಿಹೋಗಿತ್ತು. ಕೋಲಿನಿಂದ ಚುಚ್ಚಿದರೆ ಬಾರದ್ದನ್ನು ಕೈಯಿಂದಲೇ ಬಾಚಬೇಕು. ಮಿಷನ್ನು ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಹಣ್ಣು ಹಾಳಾಗುತ್ತದಂತೆ. ಬೆರಳ ಸಂದಿಯ ಹಸಿ ಗಾಯಕ್ಕೆ ಹುಳಿ ಹತ್ತಿ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಅವನು ಅಳು ಅಂದುಕೊಂಡ. ಅತ್ತರೆ ತಾನೇ ಏನು, ಅವನಪ್ಪನ ಗಂಟು ಹೋಗುತ್ತಿತ್ತಾ?

ಹಿಂದಿನ ದಿನ ಸಂಜೆ ನಮ್ಮತ್ತೆ ಮೂಕಮ್ಮನನ್ನು ಮಣ್ಣು ಮಾಡಿ ಬಂದಿದ್ದರು. ಸೂತಕದ ಮನೆ, ಮೂರನೇ ದಿನದ ಹಾಲುತುಪ್ಪ ಆಗುವ ತನಕ ನಾನು ಹೊಸ್ತಿಲು ದಾಟಬಾರದು. ಆದರೆ ಬೆಳಕು ಹರಿಯುತ್ತಲೇ ಫ್ಯಾಕ್ಟರಿಯ ಟ್ರ್ಯಾಕ್ಟರು ಓಡಿಸುವ ಪ್ರದೀಪ ಕೇರಿಯ ಬಾಯಲ್ಲಿ ನಿಂತು ಹಾರ್ನು ಹೊಡೆದ. ಕೆಳಗೆ ಕೂಡ ಇಳಿಯಲಿಲ್ಲ. ವಾಣಿಶ್ರೀ, ಅಂದರೆ ನಾನು, ಬರದಿದ್ದರೆ ಕೇರಿಯ ಅಷ್ಟೂ ಹೆಂಗಸರು ನಾಳೆಯಿಂದ ಬರುವುದು ಬೇಡವಂತೆ ಎಂದು ಹೇಳಿ ಹೋದ. ಹಣ್ಣಿನ ಸೀಸನ್ನಲ್ಲಿ ಸಾಯುವುದಕ್ಕೆ ನಮ್ಮತ್ತೆಗೆ ಬುದ್ಧಿ ಇರಲಿಲ್ಲ, ಏನು ಮಾಡುವುದು? ನನ್ನ ಗಂಡ ಮಾಲತೇಶ ಶಿಕಾರಿಪುರದಲ್ಲಿ ಮೆಕ್ಕೆಜೋಳದ ಮೂಟೆ ಹೊರುವವನು, ತಾಯಿಗೆ ಹುಷಾರಿಲ್ಲ ಎಂದು ಬಂದಿದ್ದ. ಗೋಡೆಗೆ ಒರಗಿ ಕೂತಿದ್ದವನು ನನ್ನ ಮುಖ ನೋಡದೆ, ಹೋಗಿ ಬಾ ಎಂದ. ನಾನು ಒದ್ದೆ ತಲೆಯಲ್ಲೇ ಹೊರಟೆ.

ಫ್ಯಾಕ್ಟರಿ ಇರುವುದು ಉಳವಿ ರಸ್ತೆಯಲ್ಲಿ, ನಮ್ಮ ಕೇರಿಯಿಂದ ನಡೆದೇ ಹೋಗುವಷ್ಟು ಹತ್ತಿರ. ಗೌರೀಶಂಕರ ಸಾಹುಕಾರರದು. ಅನೀಶ ಅವರ ತಂಗಿಯ ಮಗ, ಇಂಜಿನಿಯರಿಂಗ್ ಓದಿದವನು, ನಮ್ಮ ಮೇಲೆಲ್ಲ ಅವನದೇ ದರ್ಬಾರು. ಆ ಮಿಷನ್ನಿಗೆ ಅವನು ಏನೋ ಇಂಗ್ಲಿಷ್ ಹೆಸರು ಹೇಳುತ್ತಾನೆ. ನಾವು ಕಂಡಿದ್ದು ಇಷ್ಟು: ಉಕ್ಕಿನ ಉದ್ದನೆಯ ಹಂಡೆಯೊಂದು ಅಡ್ಡ ಮಲಗಿಕೊಂಡು ಕಣ್ಣಿಗೆ ಕಾಣದಷ್ಟು ಜೋರಾಗಿ ಸುತ್ತುತ್ತದೆ. ಅರೆದ ಹಣ್ಣಿನ ಗಂಜಿಯನ್ನು ನಡುವಿನ ಪೈಪಿನಿಂದ ಒಳಗೆ ಬಿಡುತ್ತಾರೆ. ಸುತ್ತುವ ರಭಸಕ್ಕೆ ಭಾರದ್ದೆಲ್ಲ ಹಂಡೆಯ ಗೋಡೆಗೆ ಒತ್ತಿ ಕೂರುತ್ತದೆ. ಒಳಗೇ ಇನ್ನೊಂದು ದೊಡ್ಡ ತಿರುಪು ಇದೆ, ಅದು ಆ ಚರಟವನ್ನು ತಳ್ಳಿಕೊಂಡು ಬಂದು ಹಂಡೆಯ ಸಣ್ಣ ತುದಿಯಲ್ಲಿ ಕೆಳಗೆ ಉದುರಿಸುತ್ತದೆ. ಹಗುರವಾದ ರಸ ಮಾತ್ರ ಇನ್ನೊಂದು ತುದಿಯ ಅಡ್ಡಪಟ್ಟಿ ದಾಟಿ, ಕೆನೆ ಇಲ್ಲ ಕಸ ಇಲ್ಲ, ತಿಳಿಯಾಗಿ ಹರಿದುಹೋಗುತ್ತದೆ.

ಆ ಎರಡು ತುದಿಗಳ ನಡುವೆ ಒಂದು ಗೋಡೆ ಕಟ್ಟಿದ್ದಾರೆ. ತಿಳಿಯ ಕಡೆ ಬಿಳಿ ಟೈಲ್ಸು, ಫ್ಯಾನು, ತಲೆಗೆ ಟೋಪಿ ಹಾಕಿದ ಸಾಹುಕಾರರ ಕಡೆಯ ಹುಡುಗಿಯರು. ಚರಟದ ಕಡೆ ತಗಡಿನ ಚಪ್ಪರ, ನೊಣ, ನಾವು. ಅಲ್ಲಿಯವರಿಗೆ ಕುಡಿಯಲು ಫಿಲ್ಟರ್ ನೀರು. ನಮಗೆ ಪೈಪಿನ ನೀರು, ಅದೂ ಬೊಗಸೆಯಲ್ಲಿ. ಬುಟ್ಟಿಗೆ ತುಂಬು, ತಲೆಗೆ ಏರಿಸು, ಟ್ರೇಲರಿಗೆ ಸುರಿ. ಟ್ರೇಲರು ತುಂಬಿದ ಮೇಲೆ ಪ್ರದೀಪ ಹೊಡೆದುಕೊಂಡು ಹೋಗುತ್ತಾನೆ, ಖಾಲಿ ಮಾಡಿಕೊಂಡು ಬರುತ್ತಾನೆ. ಎಲ್ಲಿಗೆ ಸುರಿಯುತ್ತೀಯೋ ಎಂದು ಒಂದು ಸಲ ಯಮುನಮ್ಮ ಕೇಳಿದ್ದಳು. ಖರಾಬು ಜಾಗಕ್ಕೆ, ಯಾರೂ ಉಳದ ಪಾಳು ನೆಲಕ್ಕೆ ಎಂದಿದ್ದ. ಯಮುನಮ್ಮ ನಮ್ಮ ಪೈಕಿ ಹಿರಿಯಳು, ಎಲ್ಲದಕ್ಕೂ ಮೂಗು ತೂರಿಸುವವಳು. ಅವಳೇ ಸುಮ್ಮನಾದ ಮೇಲೆ ನಾವೂ ಸುಮ್ಮನಾದೆವು.

ಆವತ್ತು ಮಧ್ಯಾಹ್ನದವರೆಗೆ ಟ್ರೇಲರು ಮೇಲಿಂದ ಮೇಲೆ ತುಂಬಿದೆವು. ಪ್ರತಿ ಬುಟ್ಟಿಗೂ ನನಗೆ ಅತ್ತೆಯದೇ ನೆನಪು. ನಮ್ಮಿಬ್ಬರಿಗೆ ಜಗಳವಿಲ್ಲದ ದಿನವಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟುತ್ತೀಯ, ಬಾಯಿ ಜೋರು, ಒಂದಾ ಎರಡಾ. ನಾನೂ ಬಿಡುವವಳಲ್ಲ. ಆದರೆ ಎರಡು ಹೆರಿಗೆಯಲ್ಲೂ ನನ್ನ ಸೊಂಟಕ್ಕೆ ಬಿಸಿನೀರು ಹೊಯ್ದವಳು ಅವಳು. ಸಾಯುವ ಮೊದಲು ನನ್ನನ್ನು ಹತ್ತಿರ ಕರೆದು ಹೇಳಿದ್ದು ಒಂದೇ ಮಾತು: “ಹಾಲುತುಪ್ಪ ನೀನೇ ಬಿಡು ಕಣೇ. ಮಾಲತೇಶನ ಕೈ ನಡುಗ್ತೈತೆ, ಚೆಲ್ತಾನೆ.” ಹೂಂ ಎಂದಿದ್ದೆ. ನಮ್ಮಲ್ಲಿ ಹಾಲು ತುಪ್ಪ ಬಾಯಿಗೆ ಮುಟ್ಟದಿದ್ದರೆ ಸತ್ತವರು ಮನೆಯ ಸುತ್ತ ಹಸಿದುಕೊಂಡು ತಿರುಗುತ್ತಾರೆ ಎನ್ನುತ್ತಾರೆ. ಬದುಕಿದ್ದಾಗಲೂ ಹಸಿದೇ ತಿರುಗಿದವಳು, ಸತ್ತ ಮೇಲಾದರೂ ಬೇಡ ಎಂದು ನನ್ನ ಹಟ.

ಊಟದ ಹೊತ್ತಿಗೆ ಸಾಹುಕಾರರನ್ನು ಕೇಳಲು ಹೋದೆ. ನಾಳೆ ಬೆಳಿಗ್ಗೆ ಒಂದೆರಡು ತಾಸು ಬಿಡುವು ಬೇಕು, ಅಷ್ಟೇ. ಅವರು ತಿಳಿಯ ಕಡೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಗಾಜಿನ ಲೋಟ ಬೆಳಕಿಗೆ ಹಿಡಿದು ರಸ ನೋಡುತ್ತಿದ್ದರು. ನನ್ನನ್ನು ಕಂಡದ್ದೇ ಲೋಟವನ್ನು ಹಿಂದಕ್ಕೆ ಎಳೆದುಕೊಂಡರು.

“ಅಲ್ಲೇ ನಿಲ್ಲೇ. ಸೂತಕದ ಮೈ ಹೊತ್ಕೊಂಡು ಇಲ್ಲಿಗೆ ಬರ್ತಾರಾ? ಈ ರಸ ನಾಡಿದ್ದು ಮನೆದೇವರ ಅಭಿಷೇಕಕ್ಕೆ ಹೋಗೋದು.” ಆಮೇಲೆ ಅನೀಶನ ಕಡೆ ತಿರುಗಿ, ಇವಳನ್ನು ಯಾಕೆ ಕರೆಸಿದೆ ಎಂದು ಗದರಿದರು.

“ಮಾವ, ಅವ್ಳು ಚರಟದ ಕಡೆ ಇರೋದು” ಎಂದ ಅನೀಶ.

“ಹಂಗಾದ್ರೆ ಅಡ್ಡಿಲ್ಲ” ಎಂದು ಅವರು ಲೋಟವನ್ನು ಮತ್ತೆ ಬೆಳಕಿಗೆ ಹಿಡಿದರು.

ನಾನು ಕೇಳಬೇಕಾದ್ದನ್ನು ಕೇಳಿದೆ. ಒಂಬತ್ತಕ್ಕೆಲ್ಲ ಬಂದುಬಿಡಬೇಕು, ಬುಟ್ಟಿಯವರು ಕಮ್ಮಿಯಾದರೆ ಮಿಷನ್ನು ಕಟ್ಟಿಕೊಳ್ಳುತ್ತದೆ ಎಂದು ಅನೀಶನೇ ಉತ್ತರ ಕೊಟ್ಟ. ದುಡಿಯಲು ಸೂತಕವಿಲ್ಲ, ಹೊಸ್ತಿಲಿಗೆ ಮಾತ್ರ ಸೂತಕ. ಬುಟ್ಟಿಯ ಕಡೆ ವಾಪಸು ಬಂದೆ. ಸಂಜೆಯವರೆಗೆ ಮತ್ತೆ ಟ್ರೇಲರು ತುಂಬಿದೆವು.

ಇಲ್ಲಿ ನಮ್ಮ ಪದ್ಧತಿಯನ್ನು ಹೇಳಿಬಿಡಬೇಕು. ನಮ್ಮ ಕೇರಿಯಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಹೆಣ ಏಳುವ ತನಕ ಅತ್ತು, ಹಾದಿಗೆ ನೀರು ಚೆಲ್ಲಿ, ತಿರುಗಿ ಬರುತ್ತೇವೆ. ಮೂರನೇ ದಿನ ಹಾಲುತುಪ್ಪಕ್ಕೆ ಮಾತ್ರ ಮಸಣ ಕಾಣುವುದು. ಗಂಡಸರೂ ಅಷ್ಟೆ, ಸಾವಾಗದೆ ಆ ಕಡೆ ಕಾಲಿಡುವುದಿಲ್ಲ. ಸಮಾಧಿ ಗಿಮಾಧಿ ಕಟ್ಟುವವರು ನಾವಲ್ಲ. ತಲೆಯ ಕಡೆ ಒಂದು ಹೊಳೆಕಲ್ಲು ಇಡುವುದು, ಒಂದು ಲಕ್ಕಿ ರೆಂಬೆ ನೆಡುವುದು. ರೆಂಬೆ ಚಿಗುರಿ ಗಿಡವಾದರೆ ಸತ್ತವರು ಸುಖವಾಗಿದ್ದಾರೆ ಎಂದು ಲೆಕ್ಕ. ಹೊರಗಿನವರ ಕಣ್ಣಿಗೆ ಅದೊಂದು ಪೊದೆ. ಹೋದ ಮಳೆಗಾಲದಿಂದ ಈಚೆಗೆ, ಅತ್ತೆಯದು ಬಿಟ್ಟರೆ, ಕೇರಿಯಲ್ಲಿ ಒಂದೂ ಸಾವಾಗಿರಲಿಲ್ಲ. ಅದಕ್ಕೇ ಅತ್ತೆಯನ್ನು ಮಣ್ಣು ಮಾಡುವವರೆಗೆ ಯಾರೂ ಅಲ್ಲಿಗೆ ಹೋಗಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹೊರಟೆವು. ಹಿತ್ತಾಳೆ ಚೊಂಬಿನಲ್ಲಿ ಹಾಲು, ದೊನ್ನೆಯಲ್ಲಿ ತುಪ್ಪ, ಅತ್ತೆಗೆ ಪ್ರೀತಿಯ ಒಣಮೀನು, ಎಲೆಯಡಿಕೆ, ಒಂದು ಚೂರು ಹೊಗೆಸೊಪ್ಪು. ಮಾಲತೇಶ ಮುಂದೆ, ನಾನು ಹಿಂದೆ, ಕೇರಿಯ ಹತ್ತಾರು ಜನ. ಮಸಣದ ಏರು ಹತ್ತುವ ಮೊದಲೇ ವಾಸನೆ ಬಂತು. ನನ್ನ ಸೀರೆಯ ವಾಸನೆ, ನನ್ನ ತಲೆಕೂದಲಿನ ವಾಸನೆ. ಫ್ಯಾಕ್ಟರಿಗೆ ಇನ್ನೂ ಹೋಗಿಯೇ ಇಲ್ಲವಲ್ಲ, ಇದು ಎಲ್ಲಿಂದ ಎಂದುಕೊಂಡೆ.

ಏರು ಹತ್ತಿ ನೋಡಿದರೆ ಮಸಣವೇ ಇಲ್ಲ. ಆಳೆತ್ತರದ ಚರಟದ ಗುಡ್ಡೆಗಳು, ಆ ತುದಿಯಿಂದ ಈ ತುದಿಯವರೆಗೆ. ಹಳೆಯದು ಕಪ್ಪಗೆ ಕೊಳೆತು ಹುಳ ಹರಿಯುತ್ತಿತ್ತು. ಈ ಕಡೆಯದು ಹಳದಿ, ಇನ್ನೂ ಹಸಿ, ಮೇಲೆ ಕಡಜಗಳು ಮುತ್ತಿದ್ದವು. ಚರಟ ಎರಡನೇ ರಾತ್ರಿಗೆ ಕಂದುತ್ತದೆ. ಹಳದಿ ಎಂದರೆ ನಿನ್ನೆಯದು. ನಿನ್ನೆ ತುಂಬಿದವರು ನಾವೇ.

ಮಾಲತೇಶ ಹಳದಿ ಗುಡ್ಡೆಯ ಮುಂದೆ ನಿಂತು ಆಚೆ ಈಚೆ ನೋಡಿದ. “ಇಲ್ಲೇ ಇಟ್ಟಿದ್ವಿ ಅವ್ವನ್ನ” ಎಂದ. ಎಲ್ಲಿ ಎಂದು ಕೇಳಿದರೆ ಇಲ್ಲೇ ಎಂದ. ಎರಡು ಹೆಜ್ಜೆ ಸರಿದು ಮತ್ತೆ ಇಲ್ಲೇ ಎಂದ. ಮಣ್ಣಿಗೆ ಹೋದ ದಿನವೇ ಗಂಡಸರೆಲ್ಲ ಗುಡ್ಡೆ ನೋಡಿದ್ದರಂತೆ. ಈ ಮೂಲೆಯೊಂದು ಉಳಿದಿತ್ತಂತೆ, ಅಲ್ಲೇ ಅಗೆದು ಮುಚ್ಚಿ ಬಂದರಂತೆ. ನಮಗೆ ಯಾಕೆ ಹೇಳಲಿಲ್ಲ ಎಂದು ಅವನ ಎದೆಯ ಮೇಲಿನ ಅಂಗಿ ಹಿಡಿದು ಕೇಳಿದೆ.

“ಹೇಳಿದ್ರೆ ನೀ ಸುಮ್ನಿರ್ತಿದ್ಯ? ಏಳು ಮನೆ ಒಲೆ ಆ ಫ್ಯಾಕ್ಟರಿಯಿಂದ ಉರೀತೈತೆ” ಎಂದ. ಹೊಡೆಯಬೇಕು ಅನ್ನಿಸಿತು, ಹೊಡೆಯಲು ಆಗಲಿಲ್ಲ.

ಹೊತ್ತು ಏರುತ್ತಿತ್ತು. ಹಾಲು ಬಿಡದೆ ತಿರುಗುವ ಹಾಗಿಲ್ಲ. ಅಂದಾಜಿನ ಮೇಲೆ ಒಂದು ಕಡೆ ಕೂತು, ಅತ್ತೇ ಇಲ್ಲಿದೀಯಾ ಎಂದು ಕೇಳಿ ಚೊಂಬು ಬಗ್ಗಿಸಿದೆ. ಹಳದಿ ಚರಟದ ಮೇಲೆ ಬಿದ್ದ ಹಾಲು ಅಲ್ಲೇ ನಿಂತಿತು. ನೋಡನೋಡುತ್ತ ಗಂಟು ಗಂಟಾಯಿತು. ನೀರು ಬೇರೆ, ಗಂಟು ಬೇರೆ. ಅನಾನಸಿನ ಹುಳಿಗೆ ಹಾಲು ಒಡೆದಿತ್ತು.

ಹಾಲುತುಪ್ಪದ ಹಾಲು ಒಡೆಯಿತು ಎಂದರೆ ಸತ್ತವರು ಉಗಿದರು ಎಂದೇ ಅರ್ಥ. ಯಮುನಮ್ಮ ನೆಲಕ್ಕೆ ಕುಸಿದು, “ಮೂಕಿ, ನಮ್ಗೆ ಗೊತ್ತಿರ್ಲಿಲ್ಲ ಕಣೇ” ಎಂದು ಗುಡ್ಡೆಗೆ ಕೈಮುಗಿದಳು. ನನಗೆ ಕೈಮುಗಿಯಲು ಬರಲಿಲ್ಲ. ನನ್ನ ಎರಡು ಕೈಯಿಂದಲೇ ನನ್ನ ಅತ್ತೆಯ ಬಾಯಿಗೆ ಕಸ ಸುರಿಸಿದರಲ್ಲ ಸೂಳೆಮಕ್ಕಳು.

ಚೊಂಬು ಹಿಡಿದುಕೊಂಡೇ ಫ್ಯಾಕ್ಟರಿಗೆ ಹೋದೆ. ಕೇರಿಯವರೆಲ್ಲ ಹಿಂದೆ ಬಂದರು. ಸಾಹುಕಾರರು ಬಾಗಿಲಲ್ಲೇ ಇದ್ದರು, ಪಕ್ಕದಲ್ಲಿ ಗ್ರಾಮಲೆಕ್ಕಿಗ ರಸ ಕುಡಿಯುತ್ತ ಕೂತಿದ್ದ. ನಾವು ಹೇಳಿದ್ದನ್ನೆಲ್ಲ ಕೇಳಿ ಸಾಹುಕಾರರು ಅವನ ಕಡೆ ನೋಡಿದರು. ಅವನು ಬಾಯಿ ಒರೆಸಿಕೊಂಡು, ಪಹಣಿಯಲ್ಲಿ ಆ ಜಾಗ ಬರೀ ಖರಾಬು, ಸ್ಮಶಾನ ಎಂದು ಎಲ್ಲೂ ಇಲ್ಲ ಎಂದ. ಒಂದು ಕಟ್ಟೆ ಇದೆಯಾ, ಒಂದು ಹೆಸರು ಇದೆಯಾ, ಲಕ್ಕಿ ಗಿಡ ಕಂಡಲ್ಲೆಲ್ಲ ಹೆಣ ಇದೆ ಎಂದರೆ ಇಡೀ ಸೊರಬ ತಾಲ್ಲೂಕೇ ನಿಮ್ಮ ಮಸಣ ಆಯಿತು ಎಂದು ನಕ್ಕ.

ನನ್ನ ಅಜ್ಜನ ಅಜ್ಜ ಅಲ್ಲಿದ್ದಾನೆ ಎಂದ ಮಾಲತೇಶ. ಯಾವ ದಾಖಲೆ ಪ್ರಕಾರ ಎಂದು ಗ್ರಾಮಲೆಕ್ಕಿಗ ಕೇಳಿದ.

ಸಾಹುಕಾರರು ಒಳ್ಳೆಯವರಾದರು. “ನೋಡ್ರೋ, ಬೇಸಿಗೆ ಕಳೆದ್ರೆ ಅದೇ ಗೊಬ್ಬರ ಆಗ್ತದೆ. ನಿಮ್ಮವ್ವನ ಮೇಲೆ ಹುಲ್ಲು ಚೆನ್ನಾಗಿ ಬರ್ತದೆ. ಹಾಲು ಒಡೀತು ಅಂತ ಬೇಜಾರಾ? ನಮ್ಮನೆ ಕೊಟ್ಟಿಗೆಯಿಂದ ಇನ್ನೊಂದು ಚೊಂಬು ಒಯ್ಯಿ.”

ಹಾಲು ಬೇಡ, ಚರಟ ತೆಗೆಸಿ ಎಂದೆ. ಸೀಸನ್ ಮುಗಿಯಲಿ, ಈಗ ಆಳು ಎಲ್ಲಿದ್ದಾರೆ ಎಂದರು. ಮಿಷನ್ನು ಕಟ್ಟಿಕೊಳ್ಳುತ್ತಿದೆ, ಒಬ್ಬಳೂ ಬುಟ್ಟಿ ಹಿಡಿದಿಲ್ಲ ಎಂದು ಅನೀಶ ಒಳಗಿನಿಂದ ಕೂಗಿದ.

“ನಾವೇ ತೆಗಿತೀವಿ ಸಾವ್ಕಾರ್ರೆ” ಎಂದೆ. “ಎಲ್ಲಿಗೆ ಹಾಕಣ ಹೇಳಿ.”

“ಎಲ್ಲಿಗಾದ್ರೂ ಹಾಕ್ರೇ. ನನ್ನ ತಲೆ ತಿನ್ಬೇಡಿ.”

ಸರಿ ಎಂದು ತಿರುಗಿದೆ. ಚಪ್ಪರದಲ್ಲಿದ್ದ ಬುಟ್ಟಿಗಳನ್ನು ಎತ್ತಿಕೊಂಡು ಹೆಂಗಸರೆಲ್ಲ ನನ್ನ ಹಿಂದೆ ಹೊರಟರು. ಯಾರಿಗೂ ನಾನು ಏನೂ ಹೇಳಲಿಲ್ಲ. ಏರಿನ ಬುಡದಲ್ಲಿ ಕೇರಿಯ ಒಬ್ಬ ಹಿರಿಯ, ಹಾಲುತುಪ್ಪ ಬಿಟ್ಟಾದ ಮೇಲೆ ಹೆಂಗಸರು ಮತ್ತೆ ಮಸಣಕ್ಕೆ ಹೋಗಬಾರದು ಎಂದ. ಯಮುನಮ್ಮ ಅವನ ಕೈಗೆ ಒಂದು ಬುಟ್ಟಿ ಕೊಟ್ಟಳು. “ಹಂಗಾದ್ರೆ ನೀ ಹೊರು.” ಅವನು ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದ. ನಾವು ಹತ್ತಿದೆವು.

ಬಾಚಿ ಬಾಚಿ ತುಂಬಿದೆವು. ಮೇಲೆ ಹಳದಿ, ಅದರ ಕೆಳಗೆ ಹೊಸದಾಗಿ ಅಗೆದ ಸಡಿಲು ಕೆಮ್ಮಣ್ಣು. ಚರಟ ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ, ಎರಡೂ ಕಲಸಿಕೊಂಡು ಬುಟ್ಟಿಗೆ ಬಂದವು. ಬಾಚುತ್ತಿದ್ದ ಹಾಗೆ ಒಂದು ಕಡೆ ಅತ್ತೆಗೆ ಹೊದಿಸಿದ ಬಿಳಿ ಬಟ್ಟೆಯ ಅಂಚು ಕಂಡಿತು. ಅವಸರದಲ್ಲಿ ಆಳ ಅಗೆದಿರಲಿಲ್ಲ ಗಂಡಸರು. ಮಾಲತೇಶ ಮೊಣಕಾಲೂರಿ ಅದರ ಮೇಲೆ ಮಣ್ಣು ಎಳೆದ. ಆಮೇಲೆ ಎದ್ದು, ಅಷ್ಟರಲ್ಲಿ ಹಿಂದೆಯೇ ಹತ್ತಿ ಬಂದಿದ್ದ ಹಿರಿಯನ ಕೈಯಲ್ಲಿದ್ದ ಬುಟ್ಟಿ ಕಿತ್ತುಕೊಂಡು ತಾನೂ ತುಂಬಿದ. ಬಟ್ಟೆ ಕಂಡದ್ದು ಅವನ ಅವ್ವನ ಕಾಲ ಕಡೆ, ತಲೆಯ ಕಡೆ ಇನ್ನೂ ಗುಡ್ಡೆಯ ಅಡಿಯಲ್ಲೇ ಇತ್ತು. ಅಷ್ಟರಲ್ಲಿ ನನ್ನ ಬುಟ್ಟಿ ತುಂಬಿತು, ತಲೆಗೆ ಏರಿಸಿಕೊಂಡು ಇಳಿದೆ.

ಎಲ್ಲಿಗೆ ಎಂದು ಅವನು ಕೇಳಿದ. “ಬಂದಲ್ಲಿಗೆ” ಎಂದೆ.

ಫ್ಯಾಕ್ಟರಿಯಲ್ಲಿ ಹಣ್ಣು ಅರೆದ ಗಂಜಿ ಬಂದು ಬೀಳುವ ಒಂದು ತೊಟ್ಟಿ ಇದೆ. ಅಲ್ಲಿಂದ ಪಂಪು ಎಳೆದು ಮಿಷನ್ನಿಗೆ ಕೊಡುತ್ತದೆ. ತೊಟ್ಟಿ ಇರುವುದು ನಮ್ಮ ಕಡೆ, ಬಾಯಿ ತೆರೆದೇ ಇರುತ್ತದೆ. ನಾನು ಅದರ ಅಂಚಿಗೆ ಹೋಗಿ ಬುಟ್ಟಿ ಮಗುಚಿದೆ. ಚರಟ, ಕೆಮ್ಮಣ್ಣು, ಲಕ್ಕಿಯ ಬೇರು, ಒಡೆದ ಹಾಲಿನ ಗಂಟು ಎಲ್ಲ ದುಬಕ್ಕನೆ ಬಿದ್ದು ಸುಳಿಯಲ್ಲಿ ಇಳಿದುಹೋದವು. ಯಮುನಮ್ಮ ಮಗುಚಿದಳು. ಅವಳ ಹಿಂದಿನವರು ಮಗುಚಿದರು. ಮಾಲತೇಶ ಮಗುಚಿದ. ಅನೀಶ ಓಡಿ ಬರುವುದರೊಳಗೆ ಎಲ್ಲರ ಬುಟ್ಟಿಯೂ ಖಾಲಿಯಾಗಿತ್ತು.

ಒಂದೇ ರಾಗದಲ್ಲಿ ಗುನುಗುತ್ತಿದ್ದ ಮಿಷನ್ನು ಮೊದಲು ಗೊರಗೊರ ಎಂದಿತು. ಒಳಗೆ ಕಲ್ಲು ಹಲ್ಲು ಕಡಿದ ಸದ್ದು. ಚರಟದ ಬಾಯಿಂದ ಬೀಳುತ್ತಿದ್ದುದು ನಿಂತೇಹೋಯಿತು. ನೆಲ ನಡುಗಿ ಚಪ್ಪರದ ತಗಡು ಕುಣಿಯಿತು. ಗೋಡೆಯಾಚೆ ಟೋಪಿಯ ಹುಡುಗಿಯೊಬ್ಬಳು, ರಸ ಕೆಂಪಗೆ ಬರ್ತಿದೆ, ಕೆಂಪಗೆ ಬರ್ತಿದೆ ಎಂದು ಕೂಗಿದಳು. ಅನೀಶ ಕೆಂಪು ಗುಂಡಿಯನ್ನು ಗುದ್ದಿದ. ಕರೆಂಟು ಹೋಯಿತು, ಮಿಷನ್ನು ಮಾತ್ರ ನಿಲ್ಲಲಿಲ್ಲ. ಅಷ್ಟು ವೇಗ ಇಳಿಯಲು ಅರ್ಧ ತಾಸು ಬೇಕು, ಅದುವರೆಗೆ ಅದು ತನ್ನಷ್ಟಕ್ಕೆ ಸುತ್ತುತ್ತದೆ.

ಸಾಹುಕಾರರು ಈಚೆ ಬಂದರು. ಆ ಫ್ಯಾಕ್ಟರಿಯಲ್ಲಿ ಅವರು ಚರಟದ ಕಡೆ ಕಾಲಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿಂದೆಯೇ ಗ್ರಾಮಲೆಕ್ಕಿಗ, ಕೈಯಲ್ಲಿ ಇನ್ನೂ ಅರ್ಧ ಲೋಟ ರಸ.

“ಎಂಥಾ ಮಣ್ಣೇ ಅದು?” ಎಂದು ಸಾಹುಕಾರರು ನನ್ನನ್ನು ಕೇಳಿದರು.

“ಖರಾಬಿಂದು ರೀ” ಎಂದೆ.

ಗ್ರಾಮಲೆಕ್ಕಿಗ ಲೋಟವನ್ನು ಮೆಲ್ಲಗೆ ಗೋಡೆಯ ಮೇಲೆ ಇಟ್ಟ. ಅನೀಶ ತೊಟ್ಟಿಗೆ ಮೊಣಕೈವರೆಗೆ ಕೈ ಹಾಕಿ ಬೇರು ಹೆಕ್ಕುತ್ತಿದ್ದ.

“ಕೈ ತೆಗಿಯೋ” ಎಂದರು ಸಾಹುಕಾರರು. “ಏನನ್ನೂ ಮುಟ್ಬೇಡ. ಹೋಗಿ ಸ್ನಾನ ಮಾಡು. ಒಳಗೆ ಬರ್ಬೇಡ.”

“ಖರಾಬಿನ ಮಣ್ಣಿಗೆ ಸ್ನಾನ ಎಂತಕ್ರೀ ಸಾವ್ಕಾರ್ರೆ?” ಎಂದು ಯಮುನಮ್ಮ ಕೇಳಿದಳು. ಅನೀಶ ಬಾಯಿಗೆ ಬಂದ ಹಾಗೆ ಬೈದ, ನಮ್ಮ ಜಾತಿ ಹಿಡಿದು, ನಮ್ಮ ತಾಯಂದಿರನ್ನು ಹಿಡಿದು ಬೈದ. ಪೊಲೀಸಿಗೆ ಹೇಳುತ್ತೇನೆ, ನಾಳೆಯಿಂದ ಒಬ್ಬಳೂ ಇಲ್ಲಿ ಕಾಲಿಡಬಾರದು ಎಂದ. ಹೇಳು ಎಂದೆ. ಎಲ್ಲಿಯ ಮಣ್ಣು ಎಂದು ಅವರು ಕೇಳುತ್ತಾರೆ, ಅದನ್ನೂ ಬಾಯಿಬಿಟ್ಟು ಹೇಳು ಎಂದೆ. ಅವನು ಮಾವನ ಮುಖ ನೋಡಿದ. ಮಾವ ಪಂಚೆ ಎತ್ತಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತಿದ್ದರು.

ಮಿಷನ್ನು ಇನ್ನೂ ಸುತ್ತುತ್ತಿತ್ತು. ಅದರ ಹತ್ತಿರ ಹೋಗುವವರು ಯಾರೂ ಇರಲಿಲ್ಲ.

ನಾನು ಖಾಲಿ ಬುಟ್ಟಿಯನ್ನು ತಲೆಗೆ ಹಾಕಿಕೊಂಡು ಏರಿನ ಕಡೆ ಹೊರಟೆ. ಅತ್ತೆಯ ಮುಖದ ಮೇಲಿನದನ್ನು ಇನ್ನೂ ತೆಗೆದಿರಲಿಲ್ಲ.